ಐದು ಲೀಟರಿನಲ್ಲಿ ಒಂದು ಲೀಟರ್ ನಮ್ಮ ಹೊಲದ್ದು: ಪೆಟ್ರೋಲಿಯಂ ಸಚಿವಾಲಯಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಸಚಿವರಿಗೆ ಹಾಗೂ ಸಚಿವಾಲಯದ ಅಧಿಕಾರಿಗಳಿಗೆ,

ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ ಒಬ್ಬ ಕಾರು ಚಾಲಕನ ನಮಸ್ಕಾರಗಳು.

ನಾನು ಪಶು ಔಷಧಿಗಳ ವಿತರಕ. ಮುಧೋಳ, ಜಮಖಂಡಿ, ರಾಯಬಾಗ, ಗೋಕಾಕ ತಾಲೂಕುಗಳ ಹಳ್ಳಿಹಳ್ಳಿಗಳ ಔಷಧಿ ಅಂಗಡಿಗಳಿಗೆ ಮಾಲು ಮುಟ್ಟಿಸುವುದು ನನ್ನ ಕಸುಬು. ಅದಕ್ಕಾಗಿ 2017ರಲ್ಲಿ ಕೊಂಡ ಒಂದು ಚಿಕ್ಕ ಪೆಟ್ರೋಲ್ ಕಾರನ್ನು ತಿಂಗಳಿಗೆ ಎರಡು ಸಾವಿರ ಕಿಲೋಮೀಟರಿನಂತೆ ಈವರೆಗೆ ಒಂದು ಲಕ್ಷ ತೊಂಬತ್ತು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಶೇ 10ರವರೆಗೆ ಎಥೆನಾಲ್ (ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ) ಬೆರೆತ ಪೆಟ್ರೋಲ್ ಬಳಸಬಹುದು ಎಂದಿದೆ. ಈಗ ಬಂಕಿನಲ್ಲಿ ಸಿಗುತ್ತಿರುವುದು ಶೇ 20 ಬೆರೆತದ್ದು. ಅಂದರೆ ತಮ್ಮ ಸಚಿವಾಲಯದ ನೀತಿಯ ಬಗ್ಗೆ ಸಿಟ್ಟಾಗುವ ಹಕ್ಕು ಯಾರಿಗಾದರೂ ಇದ್ದರೆ ಅದು ನನ್ನಂಥವನಿಗೆ ಇದೆ. ಆದರೂ ಈ ಪತ್ರವನ್ನು ನಾನು ಎಥೆನಾಲಿನ ಪರವಾಗಿ ಬರೆಯುತ್ತಿದ್ದೇನೆ. ಪರವಾಗಿ ಇರುವುದರಿಂದಲೇ ಬಂಕಿನಲ್ಲಿ ನಡೆಯುತ್ತಿರುವ ಒಂದು ಲೋಪವನ್ನು ನೋಡಿಯೂ ಸುಮ್ಮನಿರಲು ನನಗೆ ಆಗುತ್ತಿಲ್ಲ.

ವ್ಯಾಪಾರದ ಲೆಕ್ಕಕ್ಕೆಂದು ನಾನು ಮೊದಲ ದಿನದಿಂದಲೂ ಒಂದು ವಹಿ ಇಟ್ಟಿದ್ದೇನೆ. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ದಿನಾಂಕ, ಓಡಿದ ಕಿಲೋಮೀಟರ್, ಹಾಕಿಸಿದ ಲೀಟರ್, ಕೊಟ್ಟ ಹಣ, ಇಷ್ಟನ್ನು ಅದರಲ್ಲಿ ಬರೆಯುತ್ತೇನೆ. ಆ ವಹಿಯ ಪ್ರಕಾರ ಮೊದಲ ಮೂರು ವರ್ಷ ನನ್ನ ಕಾರು ಲೀಟರಿಗೆ ಸರಾಸರಿ 18 ಕಿಲೋಮೀಟರ್ ಓಡಿದೆ; ಕಳೆದ ಒಂದು ವರ್ಷದಲ್ಲಿ ಅದು 17ರ ಆಸುಪಾಸಿಗೆ ಇಳಿದಿದೆ. ವಾಟ್ಸ್ಆ್ಯಪ್‌ನಲ್ಲಿ ಕೆಲವರು ಹೇಳುವಂತೆ ಮೈಲೇಜ್ ಅರ್ಧಕ್ಕೆ ಇಳಿದಿಲ್ಲ, ಕಾಲು ಭಾಗವೂ ಇಳಿದಿಲ್ಲ. ಹದಿನೆಂಟರಲ್ಲಿ ಒಂದು ಕಿಲೋಮೀಟರ್ ಹೋಗಿದೆ. ಅದರಲ್ಲಿಯೂ ಗಾಡಿಗೆ ವಯಸ್ಸಾದದ್ದರ ಪಾಲು ಎಷ್ಟು, ನಮ್ಮ ರಸ್ತೆಗಳ ಪಾಲು ಎಷ್ಟು ಎಂಬುದನ್ನು ವಹಿ ಹೇಳುವುದಿಲ್ಲ. ಆದರೆ ಈ ಅಂಕಿಗೂ ವಿಜ್ಞಾನಕ್ಕೂ ತಾಳೆಯಾಗುತ್ತದೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ; ಐದರಲ್ಲಿ ಒಂದು ಪಾಲು ಎಥೆನಾಲ್ ಆದಾಗ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಆರೇಳು ಪಾಲು ತಗ್ಗಬೇಕು, ತಗ್ಗಿದೆ. 2021ರ ಜೂನ್‌ನಲ್ಲಿ ನೀತಿ ಆಯೋಗ ಪ್ರಕಟಿಸಿದ ಎಥೆನಾಲ್ ಮಿಶ್ರಣದ ಮಾರ್ಗಸೂಚಿ ಕೂಡ, ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಲ್ಲಿ ಇಂಧನ ಕ್ಷಮತೆ ಶೇ 6ರಿಂದ 7ರಷ್ಟು ಇಳಿಯುತ್ತದೆಂದೂ, ಹೊಸ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2ರಷ್ಟೇ ಇಳಿಯುತ್ತದೆಂದೂ ಹೇಳಿತ್ತು. ನನ್ನ ವಹಿ ಆ ವರದಿಗೆ ಸಾಕ್ಷಿ ನುಡಿಯುತ್ತಿದೆ ಎಂದುಕೊಳ್ಳಿ.

ಇನ್ನು ಎಂಜಿನ್ನಿನ ಮಾತು. ಮೇ ತಿಂಗಳಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು, ಎಸಿ ಹಾಕಿಕೊಂಡೇ ಗೋವೆಯಿಂದ ಚೋರ್ಲಾ ಘಾಟ್ ಹತ್ತಿ ಬಂದೆ. ಮೊದಲೆಲ್ಲ ಇಂಥ ಏರಿನಲ್ಲಿ ಗೇರ್ ಇಳಿಸಲು ತಡಮಾಡಿದರೆ ಎಂಜಿನ್ ಒಳಗಿನಿಂದ ಗೋಲಿಗಳನ್ನು ಡಬ್ಬಿಯಲ್ಲಿ ಅಲ್ಲಾಡಿಸಿದಂತೆ ಟಕಟಕ ಸದ್ದು ಬರುತ್ತಿತ್ತು. ಇಂಧನ ತನ್ನ ಸರದಿಗಿಂತ ಮೊದಲೇ ತಾನಾಗಿ ಹೊತ್ತಿಕೊಳ್ಳುವುದರಿಂದ ಬರುವ ಸದ್ದು ಅದು. ಹಾಗೆ ಹೊತ್ತಿಕೊಳ್ಳದಂತೆ ತಡೆಯುವ ಗುಣಕ್ಕೆ ಆಕ್ಟೇನ್ ಎನ್ನುತ್ತಾರೆ. ಎಥೆನಾಲಿನ ಆಕ್ಟೇನ್ ಸಂಖ್ಯೆ 108ರ ಸುತ್ತಮುತ್ತ ಇದ್ದು, ಅದನ್ನು ಬೆರೆಸಿದ್ದರಿಂದ ನಮ್ಮ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿದೆ ಎಂದು ತಮ್ಮ ಸಚಿವಾಲಯವೇ ತಿಳಿಸಿದೆ. ಅದಲ್ಲದೆ ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಹೆಚ್ಚು ಶಾಖವನ್ನು ಹೀರಿಕೊಳ್ಳುವುದರಿಂದ ಒಳಗೆ ಹೋಗುವ ಗಾಳಿ ತಂಪಾಗುತ್ತದೆ. ಈ ಸಲ ಘಾಟಿನಲ್ಲಿ ಆ ಸದ್ದು ನನಗೆ ಕೇಳಿಸಲಿಲ್ಲ. ಹಳೆಯ ಎಂಜಿನ್ ಆದ್ದರಿಂದ ಹೆಚ್ಚಿದ ಆಕ್ಟೇನಿನ ಪೂರ್ತಿ ಲಾಭ ನನ್ನ ಕಾರಿಗೆ ದಕ್ಕುವುದಿಲ್ಲ, ನಿಜ. ಆದರೆ ಪಿಕಪ್ ಸತ್ತುಹೋಯಿತು, ಗಾಡಿ ಏರು ಹತ್ತುವುದಿಲ್ಲ ಎಂಬ ಮಾತನ್ನು ನನ್ನ ಅನುಭವ ಒಪ್ಪುವುದಿಲ್ಲ. 2023ರ ಏಪ್ರಿಲ್‌ನಿಂದ ತಯಾರಾದ ಕಾರುಗಳ ಕೊಳವೆ, ಸೀಲುಗಳು ಹೇಗೂ ಶೇ 20ರ ಮಿಶ್ರಣವನ್ನು ತಾಳುವಂಥವು.

ಹಾಗಾದರೆ ತೊಂದರೆಯೇ ಆಗಲಿಲ್ಲವೇ ಎಂದರೆ, ಒಮ್ಮೆ ಆಯಿತು. ಆ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಹೋದ ಮಳೆಗಾಲದಲ್ಲಿ, ಎರಡು ದಿನ ಬಿಡದೆ ಸುರಿದ ಮಳೆಯ ಮರುದಿನ, ದಾರಿಯಲ್ಲಿ ಸಿಕ್ಕ ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರಟೆ. ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಕೆಮ್ಮತೊಡಗಿತು. ಮತ್ತೆ ಒಂದು ಕಿಲೋಮೀಟರಿಗೆ ನಿಂತೇಹೋಯಿತು. ಮಾಲು ತುಂಬಿದ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಗೋಕಾಕ ರಸ್ತೆಯ ನಮ್ಮ ಮೆಕ್ಯಾನಿಕ್ ಬಳಿ ತಂದೆ. ಅಲ್ಲಿ ನೆರೆದಿದ್ದ ನಾಲ್ಕು ಜನರಲ್ಲಿ ಮೂವರು ಬಾನೆಟ್ ಎತ್ತುವ ಮೊದಲೇ "ಎಥೆನಾಲ್" ಎಂದು ತೀರ್ಪು ಕೊಟ್ಟುಬಿಟ್ಟರು. ಮೆಕ್ಯಾನಿಕ್ ಮಾತ್ರ ಏನೂ ಹೇಳದೆ ಟ್ಯಾಂಕಿನ ತಳದಿಂದ ಒಂದು ಖಾಲಿ ನೀರಿನ ಬಾಟಲಿಗೆ ಇಂಧನವನ್ನು ಇಳಿಸಿ ಕಟ್ಟೆಯ ಮೇಲಿಟ್ಟ. ಎರಡು ನಿಮಿಷದಲ್ಲಿ ಬಾಟಲಿಯೊಳಗೆ ಎರಡು ಪದರಗಳು ಬೇರೆಯಾದವು: ಮೇಲೆ ಕಿತ್ತಳೆ ಛಾಯೆಯ ಪೆಟ್ರೋಲ್, ಕೆಳಗೆ ಅಕ್ಕಿ ತೊಳೆದ ನೀರಿನಂಥ ಮಬ್ಬು ದ್ರವ. ನಡುವೆ ಗೆರೆ ಎಳೆದಂತೆ ಸ್ಪಷ್ಟವಾದ ಗಡಿ. "ಅಣ್ಣಾರ, ಎಥೆನಾಲ್ ತಪ್ಪಲ್ಲರಿ ಇದು. ಬಂಕಿನವರ ಟ್ಯಾಂಕಿನ್ಯಾಗ ನೀರು ಹೊಕ್ಕೈತಿ. ಎಥೆನಾಲ್ ಆ ನೀರಿನ ಕೈ ಹಿಡಕೊಂಡು ತಳಕ್ಕ ಇಳದೈತಿ," ಎಂದ.

ಅವನ ಮಾತನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ನನ್ನಿಂದಾಗದು. ಎಥೆನಾಲಿಗೆ ನೀರೆಂದರೆ ಬಲು ಪ್ರೀತಿ. ತುಸು ತೇವವಿದ್ದರೆ ಅದನ್ನು ತನ್ನೊಳಗೆ ಕರಗಿಸಿಕೊಂಡು ಪೆಟ್ರೋಲಿನೊಂದಿಗೇ ಉರಿದುಹೋಗುತ್ತದೆ. ಆ ಮಟ್ಟಿಗೆ ಅದು ಉಪಕಾರಿಯೇ. ಆದರೆ ನೀರು ಮಿತಿ ಮೀರಿದರೆ ಎಥೆನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನೊಂದಿಗೆ ತಳಕ್ಕೆ ಇಳಿಯುತ್ತದೆ. ಇಂಧನವನ್ನು ಎತ್ತುವ ಪಂಪ್ ಇರುವುದೂ ಟ್ಯಾಂಕಿನ ತಳದಲ್ಲೇ. ಹಿಂದೆ ಬಂಕಿನ ನೆಲದಡಿಯ ಟ್ಯಾಂಕಿಗೆ ನಾಲ್ಕು ತಂಬಿಗೆ ನೀರು ಸೇರಿದರೆ ಅದು ತನ್ನ ಪಾಡಿಗೆ ತಳದಲ್ಲಿ ಕುಳಿತಿರುತ್ತಿತ್ತು, ಗಿರಾಕಿಗೆ ಗೊತ್ತೂ ಆಗುತ್ತಿರಲಿಲ್ಲ. ಈಗ ಅದೇ ನಾಲ್ಕು ತಂಬಿಗೆ ನೀರು ಎಥೆನಾಲನ್ನೂ ಸೆಳೆದುಕೊಂಡು ಹಿಗ್ಗುತ್ತದೆ. ಅಂದರೆ ಹೊಸ ಇಂಧನ ಕೆಟ್ಟದ್ದಲ್ಲ. ಹಳೆಯ ಅಸಡ್ಡೆಯನ್ನು ಅದು ಸಹಿಸುವುದಿಲ್ಲ, ಅಷ್ಟೇ. ಬಂಕಿನವರು ಮರುಮಾತಾಡದೆ ದುರಸ್ತಿಯ ಖರ್ಚು ಕೊಟ್ಟರು. ಅವರ ಹೆಸರು ಹೇಳುವುದು ಈ ಪತ್ರದ ಉದ್ದೇಶವಲ್ಲ. ಆದರೆ ಟ್ಯಾಂಕ್ ಮುಚ್ಚಳದ ಒಂದು ಸೀಲ್ ಸಡಿಲವಿದ್ದುದಕ್ಕೆ ಇಡೀ ರಾಷ್ಟ್ರೀಯ ಕಾರ್ಯಕ್ರಮದ ಹೆಸರು ಕೆಟ್ಟಿತು. ಆ ಮೂವರು ಇಂದಿಗೂ ನನ್ನ ಕಾರು ಎಥೆನಾಲಿನಿಂದ ಕೆಟ್ಟಿತೆಂದೇ ಊರಲ್ಲಿ ಹೇಳುತ್ತಿದ್ದಾರೆ.

ಈ ಘಟನೆಯಾದ ಮೇಲೆ, ಬಿ.ಎಸ್ಸಿ ಓದುತ್ತಿರುವ ನನ್ನ ಮಗಳು ಒಂದು ಅಳತೆಯ ಜಾಡಿ ತಂದು ಅಂಗಳದಲ್ಲಿ ಒಂದು ಪರೀಕ್ಷೆ ಮಾಡಿ ತೋರಿಸಿದಳು. ಜಾಡಿಗೆ ನೂರು ಮಿಲಿಲೀಟರ್ ಪೆಟ್ರೋಲ್ ಹಾಕಿ, ಅದಕ್ಕೆ ಐವತ್ತು ಮಿಲಿಲೀಟರ್ ನೀರು ಸೇರಿಸಿ, ಬಾಯಿ ಮುಚ್ಚಿ ಅಲ್ಲಾಡಿಸಿ, ನೆರಳಿನಲ್ಲಿ ಹತ್ತು ನಿಮಿಷ ಬಿಟ್ಟಳು. ಐವತ್ತರ ಗೆರೆಯಲ್ಲಿರಬೇಕಾದ ಕೆಳಗಿನ ಪದರ ಎಪ್ಪತ್ತಕ್ಕೆ ತುಸು ಕೆಳಗೆ ನಿಂತಿತ್ತು. ಪೆಟ್ರೋಲಿನೊಳಗಿದ್ದ ಎಥೆನಾಲ್ ಅಷ್ಟೂ ನೀರಿಗೆ ದಾಟಿ, ನೂರರಲ್ಲಿ ತಾನೆಷ್ಟು ಇದ್ದೆ ಎಂಬುದನ್ನು ತಾನೇ ಹೇಳಿತು. (ಒಲೆ, ಬೀಡಿ, ಸ್ವಿಚ್ಚುಗಳಿಂದ ದೂರವಿದ್ದೇ ಮಾಡಿದೆವು, ಓದಿದವರು ಅಡುಗೆಮನೆಯಲ್ಲಿ ಇದನ್ನು ಮಾಡಲು ಹೋಗಬಾರದು.) ಕಾಲೇಜು ಹುಡುಗಿಯೊಬ್ಬಳು ಹತ್ತು ನಿಮಿಷದಲ್ಲಿ ಕಂಡುಕೊಳ್ಳಬಹುದಾದ ಈ ಸಂಖ್ಯೆಯನ್ನು ನಾನು ಹೋಗುವ ಬಂಕುಗಳ ಯಂತ್ರದ ಮೇಲೆ ಓದುವಂತೆ ಬರೆದಿಲ್ಲ. ಬಿಲ್ಲಿನಲ್ಲಿಯೂ ಇಲ್ಲ. ಪೆಟ್ರೋಲ್ ಹಾಕುವ ಹುಡುಗನನ್ನು ಕೇಳಿದರೆ, ಅವನು ಮ್ಯಾನೇಜರನ್ನು ತೋರಿಸುತ್ತಾನೆ. ಮ್ಯಾನೇಜರ್, ಎಲ್ಲ ಕಡೆಯೂ ಒಂದೇ ಎನ್ನುತ್ತಾರೆ.

ನನ್ನ ತಕರಾರು ಇರುವುದು ಇಲ್ಲಿ. ಜನ ಎಥೆನಾಲನ್ನು ಅನುಮಾನದಿಂದ ನೋಡುತ್ತಿರುವುದಕ್ಕೆ ಕಾರಣ ಎಥೆನಾಲ್ ಅಲ್ಲ, ಅದನ್ನು ಕೊಡುತ್ತಿರುವ ರೀತಿ. 2025ರ ಆಗಸ್ಟ್‌ನಲ್ಲಿ, ಈ ಇಂಧನ ಹಾಕಿದರೆ ವಿಮೆ ರದ್ದಾಗುತ್ತದೆ ಎಂಬ ಸುದ್ದಿ ಎಲ್ಲರ ಮೊಬೈಲಿಗೂ ಬಂತು. ನನಗೇ ಏಳು ಜನ ಕಳಿಸಿದರು. ಅದು ಸುಳ್ಳೆಂದು ತಮ್ಮ ಸಚಿವಾಲಯ ಸ್ಪಷ್ಟನೆ ಕೊಟ್ಟಿತು. ಹಳೆಯ ಕೆಲವು ವಾಹನಗಳಲ್ಲಿ ಇಪ್ಪತ್ತು ಮೂವತ್ತು ಸಾವಿರ ಕಿಲೋಮೀಟರಿನ ಬಳಿಕ ರಬ್ಬರಿನ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾಗಬಹುದು, ಅದು ದುಬಾರಿಯಲ್ಲ ಎಂದೂ ತಿಳಿಸಿತು. ನಾನು ಈಗಾಗಲೇ ಇಂಧನದ ಕೊಳವೆ ಮತ್ತು ಫಿಲ್ಟರ್ ಬದಲಿಸಿಕೊಂಡಿದ್ದೇನೆ, ನಿಜಕ್ಕೂ ದುಬಾರಿಯೇನಲ್ಲ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ ಕಿಟ್ಟವನ್ನು ಎಥೆನಾಲ್ ಕರಗಿಸಿ ಹೊರಗೆ ತರುವುದರಿಂದ ಮೊದಲ ಬಾರಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆಂಬುದನ್ನು ಮೆಕ್ಯಾನಿಕ್ ಹೇಳಿದ್ದ. ಆದರೆ ಸ್ಪಷ್ಟನೆ ಬಂದದ್ದು ಗುಲ್ಲೆದ್ದ ಮೇಲೆ. ಇದೇ ಮಾತನ್ನು ಎರಡು ವರ್ಷ ಮೊದಲು, 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಪ್ರಧಾನಿಯವರು ಈ ಇಂಧನಕ್ಕೆ ಚಾಲನೆ ಕೊಟ್ಟ ದಿನವೇ, ಕನ್ನಡದಲ್ಲಿ ಒಂದು ಫಲಕ ಬರೆದು ಪ್ರತಿ ಬಂಕಿನಲ್ಲೂ ತೂಗುಹಾಕಿದ್ದರೆ ವಾಟ್ಸ್ಆ್ಯಪ್ ಪಂಡಿತರಿಗೆ ಕೆಲಸವಿರುತ್ತಿರಲಿಲ್ಲ.

ಮುಧೋಳದವನಾಗಿ ನಾನು ಇದನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದೇನೆ ಎಂಬುದನ್ನೂ ಹೇಳಬೇಕು. ನಮ್ಮದು ಘಟಪ್ರಭೆಯ ದಂಡೆ, ಕಬ್ಬಿನ ಸೀಮೆ. ನುರಿಸುವ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ನಾನು ದಿನಕ್ಕೆ ಒಂದು ತಾಸಾದರೂ ಕಳೆಯುತ್ತೇನೆ. ನನ್ನ ತಮ್ಮನಿಗೆ ನಾಲ್ಕು ಎಕರೆ ಕಬ್ಬಿದೆ. ಎಕರೆಗೆ ನಲವತ್ತು ಟನ್ನಿನಂತೆ ವರ್ಷಕ್ಕೆ ನೂರಾ ಅರವತ್ತು ಟನ್ ಕಾರ್ಖಾನೆಗೆ ಹೋಗುತ್ತದೆ. ಸಕ್ಕರೆ ಪೂರ್ತಿ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಟನ್ ಕಬ್ಬಿಗೆ ಹತ್ತು ಲೀಟರಿಗಿಂತ ತುಸು ಹೆಚ್ಚು ಎಥೆನಾಲ್ ಸಿಗುತ್ತದೆ. ಹತ್ತೇ ಎಂದು ಹಿಡಿದರೂ ಅವನ ಹೊಲದಿಂದ ಸಾವಿರದಾರುನೂರು ಲೀಟರ್. ನಾನು ವರ್ಷಕ್ಕೆ ಸುಡುವ ಇಂಧನ ಸಾವಿರದ ನಾನೂರು ಲೀಟರ್, ಅದರಲ್ಲಿ ಎಥೆನಾಲಿನ ಪಾಲು ಇನ್ನೂರ ಎಂಬತ್ತು. ಅಂದರೆ ತಮ್ಮನ ನಾಲ್ಕು ಎಕರೆಯ ಕಾಕಂಬಿ, ಸಕ್ಕರೆ ಒಂದು ಚಮಚೆಯಷ್ಟೂ ಕಡಿಮೆಯಾಗದಂತೆ, ನನ್ನಂಥ ಐದು ಜನರ ಗಾಡಿಯ ಐದನೇ ಒಂದು ಪಾಲನ್ನು ವರ್ಷವಿಡೀ ನೋಡಿಕೊಳ್ಳುತ್ತದೆ. ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುವ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. 2013-14ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಇದ್ದದ್ದು ನೂರಕ್ಕೆ ಒಂದೂವರೆ ಪಾಲು. ಇಪ್ಪತ್ತರ ಗುರಿಯನ್ನು ಮೊದಲು 2030ಕ್ಕೆ ಇಟ್ಟಿದ್ದು, ಬಳಿಕ 2025-26ಕ್ಕೆ ಹಿಂದೆ ಸರಿಸಿ, ಅದಕ್ಕೂ ಮೊದಲೇ ಮುಟ್ಟಿದ್ದೇವೆ. ಇದನ್ನು ಮಾಡಿ ತೋರಿಸಿದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಆದರೆ ಕಬ್ಬಿನ ಮನೆಯಲ್ಲಿ ಎಲ್ಲವೂ ಸಿಹಿಯಾಗಿದೆ ಎಂದು ಹೇಳಿದರೆ ತಮ್ಮ ನನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಕ್ಕಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕುಳಿತಿದ್ದರು, ಕೊನೆಗೆ 3,300ಕ್ಕೆ ತೀರ್ಮಾನವಾಯಿತು. ನಮ್ಮ ರಾಜ್ಯದ ಕಾರ್ಖಾನೆಗಳಿಂದ ಕೊಳ್ಳುವ ಎಥೆನಾಲಿನ ಹಂಚಿಕೆ ಸಾಲದೆಂದು ಆಗ ರಾಜ್ಯ ಸರ್ಕಾರ ಕೇಂದ್ರಕ್ಕೆ ದೂರಿತು. ಯಾರ ಲೆಕ್ಕ ಸರಿ ಎಂದು ಹೇಳಲು ನಾನು ಅರ್ಹನಲ್ಲ. ಎಥೆನಾಲಿನಿಂದ ಕಾರ್ಖಾನೆಗೆ ಬರುವ ಹಣದಲ್ಲಿ ಬೆಳೆದವನ ಪಾಲು ಎಷ್ಟು ಎಂಬುದು ಅವನಿಗೆ ತೂಕದ ಚೀಟಿಯಷ್ಟೇ ಸ್ಪಷ್ಟವಾಗಿ ಗೊತ್ತಾಗಬೇಕು ಎಂಬುದು ಮಾತ್ರ ನನಗೆ ಗೊತ್ತು.

ನೀರಿನ ಪ್ರಶ್ನೆಯನ್ನೂ ನಾನು ತಳ್ಳಿಹಾಕುವುದಿಲ್ಲ. ಕಬ್ಬು ನೀರು ಕುಡಿಯುವ ಬೆಳೆ. ಕಬ್ಬಿನ ರಸದಿಂದಲೇ ನೇರವಾಗಿ ಎಥೆನಾಲ್ ತೆಗೆದರೆ ಟನ್ನಿಗೆ ಸುಮಾರು 70 ಲೀಟರ್ ಸಿಗುತ್ತದೆ ನಿಜ, ಆದರೆ ಆಗ ಸಕ್ಕರೆ ಸಿಗುವುದಿಲ್ಲ. 2023ರ ಬರದಲ್ಲಿ ನಮ್ಮ ಹೊಲಗಳು ಒಣಗಿದಾಗ, ಅದೇ ಡಿಸೆಂಬರಿನಲ್ಲಿ ರಸದ ಬಳಕೆಗೆ ಕೇಂದ್ರವೇ ಕಡಿವಾಣ ಹಾಕಬೇಕಾಯಿತು. ಆ ಕೊರತೆಯನ್ನು ತುಂಬಲು ಗೋವಿನಜೋಳ ಡಿಸ್ಟಿಲರಿಗಳಿಗೆ ಹರಿಯಿತು, ಬಳಿಕ ಆಹಾರ ನಿಗಮದ ಗೋದಾಮಿನ ಅಕ್ಕಿಯೂ ಹರಿಯಿತು. ಕೋಳಿ ಸಾಕುವವರು ನನ್ನ ಗಿರಾಕಿಗಳು. ಗೋವಿನಜೋಳದ ದರ ಏರಿದಾಗ ಅವರ ಮುಖ ಹೇಗಾಗುತ್ತದೆ ಎಂಬುದನ್ನು ಬಲ್ಲೆ. ಹಾಗೆಯೇ ಅದೇ ದರ ಕುಸಿದಾಗ ಹಾವೇರಿ, ದಾವಣಗೆರೆಯ ಬೆಳೆಗಾರರ ಪಾಡನ್ನೂ ಬಲ್ಲೆ. ಆದ್ದರಿಂದ ಇಪ್ಪತ್ತನ್ನು ದಾಟಿ ಮೂವತ್ತಕ್ಕೆ ಹೋಗುವ ಮಾತನ್ನಾಡುವ ಮೊದಲು, ಕಾಕಂಬಿಯಂಥ ಉಳಿಕೆಗಳಿಂದ, ಕೂಳೆ, ಹುಲ್ಲು, ಕಬ್ಬಿನ ಒಣಗರಿಯಾದ ರವದಿಗಳಿಂದ ಎಷ್ಟು ದೂರ ಹೋಗಬಹುದು ಎಂದು ನೋಡಬೇಕು. ಪಾಣಿಪತ್ತಿನಲ್ಲಿ 2022ರ ಆಗಸ್ಟ್‌ನಲ್ಲಿ ಭತ್ತದ ಹುಲ್ಲಿನಿಂದ ಎಥೆನಾಲ್ ತಯಾರಿಸುವ ಘಟಕ ದೇಶಕ್ಕೆ ಅರ್ಪಣೆಯಾಯಿತಲ್ಲ. ನಮ್ಮ ಸೀಮೆಯ ರೈತ ಹೊಲದಲ್ಲೇ ಬೆಂಕಿಯಿಟ್ಟು ಸುಡುವ ಕಬ್ಬಿನ ರವದಿಗೂ ಅಂಥದ್ದೊಂದು ದಾರಿ ಬೇಕು.

ಈಗ ದರದ ವಿಷಯಕ್ಕೆ ಬರುತ್ತೇನೆ. ಈ ಪತ್ರದ ಹೂರಣ ಇದೇ.

ಬ್ರೆಜಿಲ್ 1975ರಲ್ಲಿ, ತೈಲ ಬೆಲೆಯ ಹೊಡೆತ ತಿಂದು, ಕಬ್ಬಿನ ಎಥೆನಾಲಿಗೆ ಕೈಹಾಕಿತು. 1979ರಲ್ಲಿ ಬರೀ ಎಥೆನಾಲಿನಿಂದ ಓಡುವ ಕಾರು ಅಲ್ಲಿ ಮಾರುಕಟ್ಟೆಗೆ ಬಂತು. 2003ರಿಂದ ಯಾವ ಪ್ರಮಾಣದ ಮಿಶ್ರಣವನ್ನಾದರೂ ನುಂಗುವ ಕಾರುಗಳು ಬಂದವು. 2025ರ ಆಗಸ್ಟ್‌ನಿಂದ ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿಯೇ ಶೇ 30 ಎಥೆನಾಲ್ ಇದೆ. ಆದರೆ ಅಲ್ಲಿಯ ಚಾಲಕನಿಗೆ ಇರುವ ಒಂದು ಅನುಕೂಲ ನಮಗಿಲ್ಲ. ಅಲ್ಲಿ ಬಂಕಿನಲ್ಲಿ ಎಥೆನಾಲಿನ ದರ ಬೇರೆ, ಪೆಟ್ರೋಲಿನ ದರ ಬೇರೆ, ಎರಡೂ ಕಣ್ಣೆದುರಿಗೆ ಇರುತ್ತವೆ. ಎಥೆನಾಲಿನ ಬೆಲೆ ಪೆಟ್ರೋಲಿನ ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆಯಿದ್ದರೆ ಎಥೆನಾಲ್ ಹಾಕಿಸು, ಮೇಲಿದ್ದರೆ ಪೆಟ್ರೋಲ್ ಹಾಕಿಸು ಎಂಬ ಲೆಕ್ಕ ಅಲ್ಲಿ ಟ್ಯಾಕ್ಸಿಯವನಿಗೂ ಬಾಯಿಪಾಠ. ಕಡಿಮೆ ಶಕ್ತಿಯ ಇಂಧನಕ್ಕೆ ಕಡಿಮೆ ಹಣ ಎಂಬ ಸರಳ ನ್ಯಾಯ ಅದರಲ್ಲಿದೆ. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ದರ ಕೊಡುವುದನ್ನು ದಿನವೂ ಕಾಣುವ ನಮ್ಮ ಜನಕ್ಕೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ.

ಮೇಲೆ ಹೇಳಿದ 2021ರ ಮಾರ್ಗಸೂಚಿಯೂ ಇದನ್ನೇ ಹೇಳಿತ್ತು: ಶಕ್ತಿ ಕಡಿಮೆಯಾಗುವುದನ್ನು ಸರಿದೂಗಿಸಲು ಹೆಚ್ಚು ಮಿಶ್ರಣದ ಇಂಧನದ ಚಿಲ್ಲರೆ ದರ ಮಾಮೂಲಿ ಪೆಟ್ರೋಲಿಗಿಂತ ಕಡಿಮೆಯಿರಬೇಕು, ತೆರಿಗೆಯಲ್ಲಿ ರಿಯಾಯಿತಿಯನ್ನು ಪರಿಗಣಿಸಬಹುದು ಎಂದು. ಅದಾದ ಮೇಲೆ ಪರಿಸ್ಥಿತಿ ಬದಲಾಗಿದೆ ಎಂಬುದು ತಮ್ಮ ವಾದ. ಎಥೆನಾಲ್ ಕೊಳ್ಳುವ ಸರಾಸರಿ ದರ 2024-25ರಲ್ಲಿ ಸಾಗಣೆ, ತೆರಿಗೆ ಸೇರಿ ಲೀಟರಿಗೆ 71 ರೂಪಾಯಿ ದಾಟಿದೆ, ಅದು ಸಂಸ್ಕರಿಸಿದ ಪೆಟ್ರೋಲಿಗಿಂತಲೂ ದುಬಾರಿ ಎಂದು ಸಚಿವಾಲಯ ಹೇಳಿದೆ. ರೈತನಿಗೆ ಹೆಚ್ಚು ಬೆಲೆ ಸಿಗಲಿ ಎಂಬ ಕಾರಣಕ್ಕೆ ದರ ಏರಿದ್ದರೆ ನನ್ನ ಆಕ್ಷೇಪವಿಲ್ಲ. ಆದರೆ ಆ ಭಾರವನ್ನು ಹೊರುತ್ತಿರುವವರು ಯಾರು ಎಂಬುದನ್ನು ಬಾಯಿಬಿಟ್ಟು ಹೇಳಬೇಕಲ್ಲವೇ? ನನ್ನ ವಹಿಯ ಲೆಕ್ಕದಲ್ಲಿ, 18ರಿಂದ 17ಕ್ಕೆ ಇಳಿದ ಒಂದು ಕಿಲೋಮೀಟರ್, ವರ್ಷಕ್ಕೆ ಇಪ್ಪತ್ನಾಲ್ಕು ಸಾವಿರ ಕಿಲೋಮೀಟರ್ ಓಡುವ ನನಗೆ 78 ಲೀಟರ್ ಹೆಚ್ಚುವರಿ ಇಂಧನವಾಗುತ್ತದೆ. ಲೀಟರಿಗೆ ನೂರಾ ಮೂರು ರೂಪಾಯಿಯಂತೆ ಎಂಟು ಸಾವಿರ ರೂಪಾಯಿ. ದೇಶದ ತೈಲದ ಬಿಲ್ ತಗ್ಗಿಸಲು, ತಮ್ಮನಂಥ ರೈತನ ಬಾಕಿ ಬೇಗ ತೀರಲು ನಾನು ಎಂಟು ಸಾವಿರ ಕೊಡಲು ಒಲ್ಲೆ ಎನ್ನುವವನಲ್ಲ. ಕೇಳದೆಯೇ ಜೇಬಿಗೆ ಕೈ ಹಾಕಿ ತೆಗೆದುಕೊಂಡು, ಏನೂ ತೆಗೆದಿಲ್ಲ ಎಂದರೆ ಮಾತ್ರ ಮನಸ್ಸು ಒಗ್ಗುವುದಿಲ್ಲ.

ಲೀಟರಿಗೆ ಆರೇಳು ರೂಪಾಯಿ ಇಳಿಸಿದರೆ ಶಕ್ತಿಯ ನಷ್ಟಕ್ಕೆ ಸರಿಹೋಗುತ್ತದೆ. ಅಷ್ಟು ಆಗದಿದ್ದರೆ ಮೂರಾದರೂ ಇಳಿಯಲಿ, ಕೇಂದ್ರದ ಅಬಕಾರಿ ಸುಂಕದಿಂದಲೋ, 2024ರ ಜೂನ್‌ನಲ್ಲಿ ಶೇ 29.84ಕ್ಕೆ ಏರಿದ ನಮ್ಮ ರಾಜ್ಯದ ಮಾರಾಟ ತೆರಿಗೆಯಿಂದಲೋ. ಮೂರು ರೂಪಾಯಿ ಇಳಿದ ದಿನ ಬಂಕಿನ ಮುಂದೆ ಎಥೆನಾಲಿನ ಪರವಾಗಿ ಮಾತಾಡುವವರು ನಾನೊಬ್ಬನೇ ಇರುವುದಿಲ್ಲ.

ಹಳೆಯ ವಾಹನಗಳ ಬಗ್ಗೆ ಎರಡು ಮಾತು. ನನ್ನ ಕಾರಿನಲ್ಲಿ ಇಂಧನ ಚಿಮ್ಮಿಸುವ ವ್ಯವಸ್ಥೆಯೂ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸಂವೇದಕವೂ ಇವೆ; ಎಥೆನಾಲಿಗೆ ಬೇಕಾದ ಗಾಳಿ ಕಡಿಮೆಯಾದ್ದರಿಂದ, ಮಿಶ್ರಣ ಬದಲಾದೊಡನೆ ಒಳಗಿನ ಕಂಪ್ಯೂಟರ್ ಇಂಧನದ ಪ್ರಮಾಣವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ನನ್ನ ತಂದೆಯವರ ಹಳೆಯ ಬೈಕಿಗೆ ಆ ಬುದ್ಧಿ ಇಲ್ಲ. ಕಾರ್ಬ್ಯುರೇಟರ್ ತನಗೆ ಕೊರೆದ ತೂತಿನಷ್ಟನ್ನೇ ಬಿಡುತ್ತದೆ. ಅದರ ರಬ್ಬರ್ ವಾಷರುಗಳು ಊದಿಕೊಳ್ಳುತ್ತವೆ. ವಾರಕ್ಕೊಮ್ಮೆ ಹೊಲಕ್ಕೆ ಮಾತ್ರ ಹೋಗಿ ಬರುವ ಅಂಥ ಗಾಡಿಯ ಟ್ಯಾಂಕಿನಲ್ಲಿ ಇಂಧನ ತಿಂಗಳುಗಟ್ಟಲೆ ನಿಂತು ತೇವ ಹೀರುತ್ತದೆ. ಇಂಥ ವಾಹನಗಳಿಗಾಗಿ ಶೇ 10ರ ಮಿಶ್ರಣ ದೇಶದ ಎಲ್ಲೆಡೆ ಸಿಗುತ್ತಿರಬೇಕು ಎಂದು ಆ ಮಾರ್ಗಸೂಚಿಯಲ್ಲಿಯೇ ಇತ್ತು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ನ್ಯಾಯಾಲಯ ಕೈಹಾಕದೆ ಬಿಟ್ಟದ್ದನ್ನು ಸಚಿವಾಲಯ ತಾನಾಗಿ ಮಾಡಬಾರದೆಂದು ಇಲ್ಲವಲ್ಲ. ತಾಲೂಕಿಗೆ ಎರಡು ಬಂಕುಗಳಲ್ಲಿ, ಐದಾರು ವರ್ಷಗಳ ಮಟ್ಟಿಗೆ, ಹಳೆಯ ಗಾಡಿಗಳು ತಾವಾಗಿ ರಸ್ತೆ ಬಿಡುವವರೆಗೆ ಶೇ 10ರದ್ದು ಸಿಕ್ಕರೆ ಸಾಕು. ನೂರು ಆಕ್ಟೇನಿನ ದುಬಾರಿ ಪೆಟ್ರೋಲ್ ಇದೆಯಲ್ಲ ಎನ್ನಬೇಡಿ. ಅದು ನಗರದಲ್ಲಿ ದೊಡ್ಡ ಬೈಕು ಓಡಿಸುವವರಿಗೆ, ಹೊಲಕ್ಕೆ ಬುತ್ತಿ ಒಯ್ಯುವವರಿಗಲ್ಲ.

ಬಂಕುಗಳ ವಿಷಯದಲ್ಲಿ ನಾನು ಕೇಳುವುದು ಹೆಚ್ಚಿನದೇನಲ್ಲ. ಗಿರಾಕಿ ಬಯಸಿದರೆ ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಬೇಕು, ಫಿಲ್ಟರ್ ಪೇಪರಿನ ಮೇಲೆ ಹನಿ ಬಿಟ್ಟು ತೋರಿಸಬೇಕು ಎಂಬ ನಿಯಮ ಈಗಲೂ ಇದೆ, ಕೇಳುವವರು ಕಡಿಮೆ. ಅದರ ಜೊತೆಗೆ ನನ್ನ ಮಗಳು ತಂದಂಥ ಒಂದು ಅಳತೆಯ ಜಾಡಿಯೂ ಇರಲಿ, ಮಳೆಗಾಲದಲ್ಲಿ ಪ್ರತಿ ಬೆಳಿಗ್ಗೆ ನೆಲದಡಿಯ ಟ್ಯಾಂಕಿನಲ್ಲಿ ನೀರಿದೆಯೇ ಎಂದು ಪರೀಕ್ಷಿಸಿದ ಫಲಿತಾಂಶವನ್ನು ದಿನದ ದರ ಬರೆಯುವ ಹಲಗೆಯ ಮೇಲೆಯೇ ಬರೆಯಲಿ. ಯಂತ್ರದ ಮೇಲೆ, ಬಿಲ್ಲಿನ ಮೇಲೆ ಎಥೆನಾಲ್ ಶೇಕಡಾ ಎಷ್ಟು ಎಂದು ಕನ್ನಡದ ಅಕ್ಷರಗಳಲ್ಲಿ ಇರಲಿ.

ಈ ಪತ್ರ ಬರೆಯುವ ಮುನ್ನ, ನಿನ್ನೆ ಸಂಜೆ ಜಮಖಂಡಿಯಿಂದ ಬರುವಾಗ ಟ್ಯಾಂಕ್ ತುಂಬಿಸಿದೆ. ಬಿಲ್ ನನ್ನ ಮುಂದಿದೆ. ಅದರಲ್ಲಿ ದಿನಾಂಕ, ವೇಳೆ, ನಳಿಕೆಯ ಸಂಖ್ಯೆ, ಲೀಟರ್, ದರ, ಮೊತ್ತ ಎಲ್ಲವೂ ಇವೆ. ಸರಕಿನ ಹೆಸರಿನ ಮುಂದೆ "ಪೆಟ್ರೋಲ್" ಎಂದಷ್ಟೇ ಇದೆ. ನನ್ನ ವಹಿಯಲ್ಲಿ ನಾನು ಅದನ್ನು ಹಾಗೆ ಬರೆದುಕೊಂಡಿಲ್ಲ. ಪೆಟ್ರೋಲ್ 24 ಲೀಟರ್, ಎಥೆನಾಲ್ 6 ಲೀಟರ್ ಎಂದು ಎರಡು ಸಾಲು ಮಾಡಿ ಬರೆದಿದ್ದೇನೆ.

ತಮ್ಮ ವಿಶ್ವಾಸಿ,
ಮುಧೋಳದ ಒಬ್ಬ ಕಾರು ಚಾಲಕ